ಪೆನಾಲ್ಟಿ ಶೂಟ್‌ಔಟ್: ನಮ್ಮ ಟೀಮ್‌ಗೆ ಕೊನೆಗೂ ಕೆಲಸ ಮಾಡಿದ ದಾರಿ

ಈ ಸಲ ಫುಟ್‌ಬಾಲ್ ಟೂರ್ನಮೆಂಟ್‌ನ ಸೆಮಿಫೈನಲ್, ಫೈನಲ್ ಎರಡನ್ನೂ ನಮ್ಮ ಹುಡುಗರು ಶೂಟ್‌ಔಟ್‌ನಲ್ಲೇ ಗೆದ್ದರು. ಅಂದರೆ ಆಟ ಸಮ ಆದಾಗ ಎರಡೂ ಟೀಮಿನವರು ಒಬ್ಬೊಬ್ಬರಾಗಿ ಬಂದು ಕೀಪರ್ ಎದುರು ಐದೈದು ಕಿಕ್ ಹೊಡೆಯುವುದು. "ಪೆನಾಲ್ಟಿಗೆ ಎಂಥಾ ಪ್ರಾಕ್ಟೀಸ್, ಅದೆಲ್ಲ ಅದೃಷ್ಟ" ಅಂತ ಬೇರೆ ಕೋಚ್‌ಗಳು ವರ್ಷಗಟ್ಟಲೆ ಹೇಳುತ್ತಿದ್ದರು. ಅದೃಷ್ಟ ಅಂದರೆ ಯುರೋಪಿನ ದೇಶಗಳ ಕಪ್ಪಾದ ಯೂರೋದ 1968ರ ಸೆಮಿಫೈನಲ್. ಇಟಲಿ, ಸೋವಿಯತ್ ಒಕ್ಕೂಟ ಎಕ್ಸ್‌ಟ್ರಾ ಟೈಮ್ ಆಡಿದರೂ ಗೋಲು ಬರಲಿಲ್ಲ. ನಾಣ್ಯ ಚಿಮ್ಮಿ ಇಟಲಿಯನ್ನು ಫೈನಲ್‌ಗೆ ಕಳಿಸಿದರು. ಅಂಥದ್ದು ಬೇಡ ಅಂತಲೇ ಅಲ್ವಾ 1970ರಲ್ಲಿ ಪೆನಾಲ್ಟಿ ಶೂಟ್‌ಔಟ್ ತಂದಿದ್ದು?

ಶುರುವಿನ ಸೀಸನ್‌ಗಳು ಪೂರ್ತಿ ದಂಡ. ಪ್ರಾಕ್ಟೀಸ್ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಹತ್ತತ್ತು ಕಿಕ್ ಹೊಡೆಸುತ್ತಿದ್ದೆ. ಅಲ್ಲಿ ಎಲ್ಲರೂ ಶೂರರು. ಮ್ಯಾಚ್‌ನಲ್ಲಿ ಚೆಂಡು ಬಾರ್ ಮೇಲೆ ಹೋಗುತ್ತಿತ್ತು. ಗೋಲಿನ ಮೂಲೆಗಳಲ್ಲಿ ತೂತು ಇರುವ ಟಾರ್ಗೆಟ್ ಪರದೆ ಕೊಂಡೆ. ಆ ವರ್ಷ ಕ್ಲಬ್ ಮಾಡಿದ ಅತಿ ದೊಡ್ಡ ಖರ್ಚು ಅದೇ. ತೂತಿಗೆ ಹೊಡೆಯುವುದು ಬಂತು, ಎದುರಿಗೆ ಕೀಪರ್ ನಿಂತರೆ ಕಾಲು ನಡುಗುವುದು ಹೋಗಲಿಲ್ಲ. ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಎರಡು ಟೂರ್ನಮೆಂಟ್‌ಗಳಲ್ಲಿ ಕ್ವಾರ್ಟರ್‌ಫೈನಲ್‌ಗೇ ಮನೆಗೆ ಬಂದೆವು. ಎಂಟ್ರಿ ಫೀ ಹೋಯಿತು, ಪ್ರಯಾಣದ ಸಾಲ ಉಳಿಯಿತು, ಸ್ಪಾನ್ಸರ್ ಕೈಬಿಟ್ಟರು.

ಆಮೇಲೆ ಹಿಡಿದ ದಾರಿ ಬೇರೆ. ಹುಡುಗರನ್ನು ಮೊದಲು ಚೆನ್ನಾಗಿ ಓಡಿಸಿ ಸುಸ್ತು ಮಾಡುತ್ತೇನೆ. ಮ್ಯಾಚ್‌ನಲ್ಲಿ ಇರುವ ಹಾಗೇ ಉಳಿದವರು ಮೈದಾನದ ನಡುವಿನ ಸೆಂಟರ್ ಸರ್ಕಲ್‌ನಲ್ಲೇ ನಿಲ್ಲಬೇಕು. ಒಬ್ಬೊಬ್ಬನೇ ನಡೆದು ಬಂದು ಒಂದೇ ಒಂದು ಕಿಕ್. ತಪ್ಪಿದರೆ ಆ ದಿನ ಎರಡನೆಯದು ಇಲ್ಲ, ಮನೆಗೆ ಹೋಗಿ ಅದನ್ನೇ ನೆನೆಸುತ್ತಾ ಮಲಗಬೇಕು. ಮೊದಮೊದಲು ಹತ್ತಕ್ಕೆ ಆರು ಒಳಗೆ ಹೋದರೆ ಹೆಚ್ಚು. ಸೀಸನ್ ಕೊನೆಗೆ ಎಂಟರ ಹತ್ತಿರ ಬಂತು.

ಒಳ್ಳೆಯ ಕಿಕ್ಕರ್‌ನನ್ನು ಐದನೇ ಕಿಕ್‌ಗೆ ಎತ್ತಿಡುವುದನ್ನೂ ಬಿಟ್ಟೆ. 2012ರ ಯೂರೋ ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ರೊನಾಲ್ಡೊನನ್ನು ಹಾಗೇ ಉಳಿಸಿಕೊಂಡಿತ್ತು. ಅವನ ಸರದಿ ಬರುವ ಮೊದಲೇ ಸ್ಪೇನ್ ಗೆದ್ದಿತು. ನಮ್ಮಲ್ಲಿ ಅಂಥವನೇ ಮೊದಲು ಹೋಗುತ್ತಾನೆ.

ನಡುವೆ ಕೀಪರ್ ಬದಲಿಸುವ ಹುಚ್ಚೂ ಹಿಡಿದಿತ್ತು. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಎಕ್ಸ್‌ಟ್ರಾ ಟೈಮ್ ಕೊನೆಗೆ ಟಿಮ್ ಕ್ರೂಲ್‌ನನ್ನು ಇಳಿಸಿತು, ಅವನು ಕೋಸ್ಟರಿಕಾದ ಎರಡು ಕಿಕ್ ತಡೆದ. ನಮ್ಮ ಎರಡನೇ ಕೀಪರ್ ಬೆಂಚಿನಿಂದ ತಣ್ಣಗೆ ಎದ್ದು ಬಂದು ಒಂದೂ ಮುಟ್ಟಲಿಲ್ಲ. ಕಿಕ್‌ಗಾಗಿಯೇ ಕೊನೇ ನಿಮಿಷದಲ್ಲಿ ಆಟಗಾರರನ್ನು ಇಳಿಸುವುದೂ ನನಗೆ ಒಪ್ಪಿಗೆಯಿಲ್ಲ. 2020ರ ಯೂರೋ ಫೈನಲ್‌ನಲ್ಲಿ, ಅದು ನಡೆದದ್ದು 2021ರಲ್ಲಿ, ಇಂಗ್ಲೆಂಡ್ ಹಾಗೆ ಇಳಿಸಿದ ರ‍್ಯಾಶ್‌ಫರ್ಡ್, ಸ್ಯಾಂಚೊ ಇಬ್ಬರೂ ತಪ್ಪಿಸಿದರು. ಇಳಿಸುವುದಾದರೆ ಹತ್ತು ನಿಮಿಷ ಮೊದಲೇ ಇಳಿಸಿ, ಕಾಲಿಗೆ ಚೆಂಡು ತಾಗಲಿ.

ಎದುರಾಳಿ ಓಡಿ ಬರುವಾಗ ನಮ್ಮ ಕೀಪರ್ ಏನನ್ನು ನೋಡುತ್ತಾನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಮುಂದಿನ ಸೀಸನ್‌ಗೂ ಅದು ಬೇಕು. ಬಹುಮಾನದ ಹಣದಲ್ಲಿ ಹಳೆ ಸಾಲ ತೀರಿತು, ಮಿಕ್ಕಿದ್ದರಲ್ಲಿ ಅವನಿಗೆ ಹೊಸ ಗ್ಲೌಸ್ ತಂದೆವು. ಬಿಟ್ಟುಹೋದ ಸ್ಪಾನ್ಸರ್ ಈಗ ಮತ್ತೆ ಫೋನ್ ಮಾಡುತ್ತಿದ್ದಾರೆ.