ಚೆನ್, ಚಾನ್, ತಾನ್: ಒಂದು ಚೀನೀ ಮನೆತನದ ಹೆಸರನ್ನು ಗುರುತಿಸುವುದು ಹೇಗೆ?

ಪುಸ್ತಕಗಳಿಗೆ ಪದಸೂಚಿ ಮಾಡುವುದು ನನ್ನ ಕೆಲಸ. ಒಮ್ಮೆ ತಾನ್ ಕಾ ಕೀ, ಚೆನ್ ಜಿಯಾಗೆಂಗ್ ಎಂದು ಎರಡು ಹೆಸರುಗಳನ್ನು ಬೇರೆ ಬೇರೆ ಸೇರಿಸಿದ್ದೆ. 1921ರಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯ ಕಟ್ಟಿದವರು ಅಂತ ಇಬ್ಬರ ಬಗ್ಗೆಯೂ ಬರೆದಿತ್ತು. ಹುಡುಕಿದರೆ ಇಬ್ಬರೂ ಒಬ್ಬರೇ! ಸಿಂಗಪುರದ ರಬ್ಬರ್ ವ್ಯಾಪಾರದಲ್ಲಿ ದುಡಿದದ್ದನ್ನು ಶಾಲೆ, ಕಾಲೇಜುಗಳಿಗೆ ಸುರಿದ ದೊಡ್ಡ ಮನುಷ್ಯ. ಚೀನಾದ ಫುಜಿಯಾನ್ ಪ್ರಾಂತದ ಅವರ ಹೊಕ್ಕಿಯೆನ್ ಮಾತಿನಲ್ಲಿ ತಾನ್, ಮ್ಯಾಂಡರಿನ್‌ನಲ್ಲಿ ಚೆನ್. ಬರೆಯುವ ಚೀನೀ ಅಕ್ಷರ ಒಂದೇ.

ಹಾಗಾಗಿ ಸ್ಪೆಲಿಂಗ್ ಪಕ್ಕಕ್ಕಿಟ್ಟು ಮೊದಲು ಅಕ್ಷರ ಕೇಳಿ. ಫೋನಿನಲ್ಲಾದರೂ ಸರಿ. ಚೀನೀಯರು ತಮ್ಮ ಹೆಸರನ್ನು ಬಿಡಿಸಿ ಹೇಳುತ್ತಾರೆ: 'ಅರ್ ದೊಂಗ್ ಚೆನ್', ಅಂದರೆ 'ಕಿವಿ, ಪೂರ್ವ, ಚೆನ್'. ಎಡಗಡೆ ಕಿವಿಯಂಥ ಗುರುತು, ಬಲಗಡೆ ಪೂರ್ವ ದಿಕ್ಕಿನ ಅಕ್ಷರ. ಹಳೆಯ ರೂಪಕ್ಕೆ 11 ಗೆರೆ, ಚೀನಾದ ಈಗಿನ ಸರಳ ರೂಪಕ್ಕೆ 7. ಎರಡನ್ನೂ ನಾಲ್ಕು ಸಲ ಬರೆದು ನೋಡಿ, ಕಣ್ಣಿಗೆ ಕೂತುಬಿಡುತ್ತವೆ.

ಅಕ್ಷರ ಸಿಗಲಿಲ್ಲವಾ? ಹಿರಿಯರ ಊರು ಕೇಳಿ. ಹಾಂಗ್‌ಕಾಂಗ್ ಕಡೆಯವರು ಚಾನ್, ಫುಜಿಯಾನ್‌ನಿಂದ ಸಿಂಗಪುರ, ಮಲೇಷ್ಯಾಕ್ಕೆ ಹೋದವರು ತಾನ್, ದಕ್ಷಿಣ ಚೀನಾದ ಹಕ್ಕಾ ಜನ ಹೆಚ್ಚಾಗಿ ಚಿನ್. ವಿಯೆಟ್ನಾಂನಲ್ಲಿ ಇದೇ ಅಕ್ಷರ ಟ್ರಾನ್ ಆಗಿದೆ.

ಆದರೆ ತಾನ್ ಎಂಬ ಹೆಸರಿನಲ್ಲಿ ಜಾಸ್ತಿ ಎಚ್ಚರ ಬೇಕು. ಚೀನಾದಲ್ಲಿ 1898ರ ರಾಜಕೀಯ ಸುಧಾರಣೆಗಾಗಿ ಪ್ರಾಣ ಕೊಟ್ಟ ಹೂನಾನ್‌ನ ಥಾನ್ ಸಿತೊಂಗ್ ಅವರ ಮನೆತನದ ಹೆಸರಿಗೂ ಇಂಗ್ಲಿಷಿನಲ್ಲಿ ಅದೇ ಟಿ, ಎ, ಎನ್. ಅಕ್ಷರ ಮಾತ್ರ ಬೇರೆ: 'ಮಾತು, ಪಶ್ಚಿಮ, ಬೆಳಗ್ಗೆ'. ಉಚ್ಚಾರವೂ ಬೇರೆ. ಹೊಕ್ಕಿಯೆನ್‌ನದು ಅಲ್ಪಪ್ರಾಣದ ತ, ಇದು ಮಹಾಪ್ರಾಣದ ಥ. ಇಂಗ್ಲಿಷ್ ಸ್ಪೆಲಿಂಗ್ ಮುಚ್ಚಿಡುವುದನ್ನು ನಮ್ಮ ಲಿಪಿ ತೋರಿಸಬಲ್ಲದು ಅಲ್ವಾ? ನನಗೆ ಇದು ಬಹಳ ಖುಷಿ ಕೊಟ್ಟ ವಿಷಯ. ಚೆನ್ ಕೂಡ ಕಿವಿಗೆ ಛನ್ ಎಂಬಂತೆಯೇ ಕೇಳುತ್ತದೆ. ಚೀನೀ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಹಳೆಯ ವೇಡ್-ಜೈಲ್ಸ್ ಪದ್ಧತಿಯಲ್ಲಿ ಸಿ, ಎಚ್ ಆದಮೇಲೆ ಒಂದು ಅಪಾಸ್ಟ್ರಫಿ ಇರುತ್ತದೆ. ಅದು ಮಹಾಪ್ರಾಣದ ಗುರುತು. ಸುಮ್ನೆ ಚುಕ್ಕೆ ಅಂತ ಬಿಟ್ಟರೆ ಬೇರೆಯೇ ಹೆಸರಾಗುತ್ತದೆ. 1958ರಲ್ಲಿ ಚೀನಾ ಒಪ್ಪಿಕೊಂಡ ಹೊಸ ಪದ್ಧತಿಯಾದ ಪಿನ್‌ಯಿನ್‌ನಲ್ಲಿ ಆ ಗುರುತು ಬೇಕಿಲ್ಲ.

ಹೆಸರಿನ ಮೂಲ ಒಂದು ಪುಟ್ಟ ರಾಜ್ಯ. ಪ್ರಾಚೀನ ಚೀನಾದ ಶಾಂಗ್ ರಾಜವಂಶವನ್ನು ಸೋಲಿಸಿದ ಝೌ ವಂಶದ ದೊರೆ ವೂ, ಪುರಾಣದ ಅರಸ ಶುನ್‌ನ ವಂಶದವನೆನಿಸಿದ ಗುಯ್ ಮಾನ್‌ಗೆ ಚೆನ್ ನಾಡನ್ನು ಕೊಟ್ಟ. ಅದು ಈಗಿನ ಹನಾನ್ ಪ್ರಾಂತದ ಹುವಾಯ್‌ಯಾಂಗ್ ಸುತ್ತಮುತ್ತ ಇತ್ತು. ಕ್ರಿ.ಪೂ. 5ನೇ ಶತಮಾನದಲ್ಲಿ ಚೂ ರಾಜ್ಯ ಅದನ್ನು ನುಂಗಿತು. ನಾಡು ಹೋಯಿತು, ಅದರ ಹೆಸರು ಮನೆತನಗಳಲ್ಲಿ ಉಳಿಯಿತು. ಚೆನ್ ಮನೆತನದವರ ಬಾಗಿಲ ಮೇಲೆ, ಸಮಾಧಿ ಕಲ್ಲಿನ ಮೇಲೆ 'ಯಿಂಗ್‌ಚುವಾನ್' ಎಂಬ ಹಳೆಯ ಪ್ರಾಂತದ ಹೆಸರು ಕಾಣಬಹುದು. ಹೆಸರು ಸವೆದ ಕಲ್ಲಿನಲ್ಲಿ ಅದು ಒಳ್ಳೆಯ ಸುಳಿವು. ಲಾಯ್, ಝೊಂಗ್ ಮನೆತನಗಳೂ ಅದನ್ನು ಬಳಸುವುದರಿಂದ ಅದೊಂದನ್ನೇ ನಂಬಬೇಡಿ.

ಕೊನೆಗೆ ಬರೆಯುವಾಗ, ಆ ವ್ಯಕ್ತಿ ಬಳಸಿದ ರೂಪವನ್ನೇ ಇಡಿ, ತಿದ್ದಬೇಡಿ. ನನ್ನ ಪದಸೂಚಿಯಲ್ಲಿ ಈಗ ಹೀಗಿದೆ: 'ಚೆನ್ ಜಿಯಾಗೆಂಗ್: ನೋಡಿ ತಾನ್ ಕಾ ಕೀ'.