ಬೂಷ್ಟನ್ನು ಹಸಿವಿಗೆ ಬಿಟ್ಟು ಅತಿಮಧುರ ಒಡೆದ ಬಗೆ

ಅತಿಮಧುರದ ಬೇರಿಗೆ ಸಿಹಿ ಕೊಡುವುದು ಗ್ಲೈಸಿರೈಝಿನ್. ಗ್ಲೈಸಿರೆಟಿನಿಕ್ ಆಮ್ಲಕ್ಕೆ ಎರಡು ಗ್ಲುಕುರೋನಿಕ್ ಆಮ್ಲದ ತುಂಡು ಅಂಟಿದರೆ ಆಗುವ ಅಣು ಅದು. ಬೇರು ತಿಂದಾಗ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಆ ತುಂಡುಗಳನ್ನು ಕಳಚುತ್ತವೆ. ಅದೇ ಕೆಲಸವನ್ನು ನಾನು ಬೂಷ್ಟಿನಿಂದ ಮಾಡಿಸಿದೆ. ಆಮ್ಲದಲ್ಲಿ ಕುದಿಸಿಯೂ ಒಡೆಯಬಹುದು, ಆದರೆ ಆಮೇಲೆ ಆ ಗಲೀಜು ತೊಳೆಯುವುದೇ ಒಂದು ದೊಡ್ಡ ಕೆಲಸ.

ಬೂಷ್ಟಿಗಾಗಿ ದೂರ ಹೋಗಬೇಕಾಗಲಿಲ್ಲ. ಗ್ರಂಥಿಗೆ ಅಂಗಡಿಯಿಂದ ತಂದ ಬೇರು ಮಳೆಗಾಲದಲ್ಲಿ ತೇವ ಹಿಡಿದು, ಅದರ ಮೇಲೆಯೇ ಕಪ್ಪಗೆ ಆಸ್ಪರ್ಜಿಲಸ್ ನೈಗರ್ ಎದ್ದಿತ್ತು. ಅದನ್ನು ಪ್ಲೇಟಿಗೆ ಇಳಿಸಿ ಶುದ್ಧ ಮಾಡಿಕೊಂಡೆ.

ಕೆಲಸದ ಗುಟ್ಟೆಲ್ಲ ಇರುವುದು ಅದಕ್ಕೆ ಹಾಕುವ ಊಟದಲ್ಲಿ. ಗ್ಲುಕೋಸ್ ಕೊಟ್ಟರೆ ಬೂಷ್ಟು ಹುಲುಸಾಗಿ ಬೆಳೆಯುತ್ತದೆ, ಗ್ಲೈಸಿರೈಝಿನ್ ಕಡೆ ತಿರುಗಿಯೂ ನೋಡುವುದಿಲ್ಲ. ಸುಲಭದ ಸಕ್ಕರೆ ಸಿಗುವಾಗ ಆ ತುಂಡುಗಳನ್ನು ಕಳಚುವ ಬೀಟಾ-ಗ್ಲುಕುರೋನಿಡೇಸ್ ಕಿಣ್ವ ತಯಾರಿಸುವ ಶ್ರಮ ಅದಕ್ಕೇಕೆ? ಹಾಗಾಗಿ ಬೂಷ್ಟು ಬೆಳೆಸಲು ಬಳಸುವ ಝಾಪೆಕ್ ದ್ರಾವಣದಲ್ಲಿ ಸಕ್ಕರೆಯನ್ನು ಪೂರ್ತಿ ಬಿಟ್ಟು, ಇಂಗಾಲಕ್ಕೆಂದು ಗ್ಲೈಸಿರೈಝಿನ್ ಒಂದನ್ನೇ ಇಟ್ಟೆ. ಸಾರಜನಕಕ್ಕೆ ಅಮೋನಿಯಂ ಲವಣ ಬೇಡ, ನೈಟ್ರೇಟ್ ಇರಲಿ. ಅಮೋನಿಯಂ ಇದ್ದರೆ ಪಿಎಚ್ ಜಾರುತ್ತದೆ, ಹುಳಿ ಹೆಚ್ಚಾದರೆ ಗ್ಲೈಸಿರೈಝಿನ್ ಗಂಜಿಯಂತೆ ಗಟ್ಟಿಯಾಗುತ್ತದೆ. ಫ್ಲಾಸ್ಕು ಅಲುಗಾಡಿಸುವ ಶೇಕರ್ 28 ಡಿಗ್ರಿಯಲ್ಲಿ ತಿರುಗುತ್ತಿತ್ತು.

ಹೋಲಿಕೆಗೆಂದು ಪಕ್ಕದಲ್ಲೇ ಇನ್ನೆರಡು ಫ್ಲಾಸ್ಕು: ಬೂಷ್ಟೇ ಇಲ್ಲದ್ದು ಒಂದು, ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ ಸಾಯಿಸಿದ ಬೂಷ್ಟು ಇರುವುದು ಇನ್ನೊಂದು. ಇವಿಲ್ಲದೆ ಬಂದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ದಿನವೂ ಸ್ವಲ್ಪ ತೆಗೆದು, ತೆಳು ಪದರದ ಫಲಕದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ಟಿಎಲ್‌ಸಿ ಹಾಕುತ್ತಿದ್ದೆ. 254 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ಗ್ಲೈಸಿರೈಝಿನ್ ಕಲೆ ಬುಡದಲ್ಲೇ ಕೂತಿರುತ್ತದೆ; ತುಂಡು ಕಳಚಿದ ಆಮ್ಲ ಮೇಲಕ್ಕೆ ಓಡುತ್ತದೆ. ಅದು ನೀರಿನಲ್ಲಿ ಕರಗಲು ಒಲ್ಲದ ವಸ್ತುವಾದ್ದರಿಂದ ಬಹುಪಾಲು ಬೂಷ್ಟಿನ ಎಳೆಗಳಿಗೇ ಮೆತ್ತಿಕೊಳ್ಳುತ್ತದೆ. ದ್ರಾವಣವನ್ನಷ್ಟೇ ಸೋಸಿ ಅಳೆದರೆ ಇಳುವರಿ ಕಡಿಮೆ ಕಾಣುತ್ತದೆ, ಎಳೆಗಳನ್ನೂ ಈಥೈಲ್ ಅಸಿಟೇಟ್‌ನಲ್ಲಿ ತೊಳೆಯಬೇಕು. ಲೆಕ್ಕವೂ ನೆನಪಿರಲಿ: ಅಣುತೂಕ 823ರಿಂದ 471ಕ್ಕೆ ಇಳಿಯುವುದರಿಂದ ಒಂದು ಗ್ರಾಂಗೆ ಹೆಚ್ಚೆಂದರೆ 0.57 ಗ್ರಾಂ. ಅದಕ್ಕಿಂತ ಹೆಚ್ಚು ತೂಗಿದರೆ ಕಸ ಸೇರಿದೆ ಎಂದೇ ಅರ್ಥ.

ಇದನ್ನು ಮನೆಯಲ್ಲಿ ಮಾಡಿ ಕುಡಿಯುವ ಸಾಹಸ ಬೇಡ. ಆಸ್ಪರ್ಜಿಲಸ್ ನೈಗರ್‌ನ ಕೆಲವು ತಳಿಗಳು ಓಕ್ರಟಾಕ್ಸಿನ್ ವಿಷ ಬಿಡುತ್ತವೆ. ಗ್ಲೈಸಿರೆಟಿನಿಕ್ ಆಮ್ಲವೂ ಅತಿಯಾದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ಎರಡರಲ್ಲಿ ಒಂದೇ ತುಂಡು ಕಳಚಿ ನಿಲ್ಲುವ ಪೆನಿಸಿಲಿಯಂ ಎಂಬ ಬೇರೆ ಬೂಷ್ಟಿನ ತಳಿಗಳೂ ಇವೆ. ಆಗ ಸಿಗುವ ವಸ್ತು ಗ್ಲೈಸಿರೈಝಿನ್‌ಗಿಂತಲೂ ಸಿಹಿ. ಸದ್ಯ ನನ್ನ ಶೇಕರ್ ಮೇಲಿರುವುದು ಅದೇ.