ಸೋಮವಾರ ಸಂತೆಗೆ, ಶನಿವಾರ ಬಾದಾಮಿಗೆ: ಛೋಟಾ ಹಾಥಿಯಲ್ಲೇ ಮಲಗುವ ಕೋಣೆ ಮಾಡುವುದು ಹೇಗೆ?

ವಾರವಿಡೀ ಇಂಡಿ ಊರಿನ ನಿಂಬೆಹಣ್ಣನ್ನೋ ತಿಕೋಟಾದ ದ್ರಾಕ್ಷಿಯನ್ನೋ ಬೆಳಗಾವಿ ಮಾರ್ಕೆಟ್ಟಿನ ಕಾಯಿಪಲ್ಲೆಯನ್ನೋ ಹೊರುವ ಟಾಟಾ ಏಸ್, ಅಂದರೆ ನಮ್ಮ ಛೋಟಾ ಹಾಥಿ, ಭಾನುವಾರ ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ಅದರ ಹಿಂದಿನ ಜಾಗದ ಅಳತೆ ನೋಡಿ. ಉದ್ದ 2200 ಮಿಲಿಮೀಟರ್, ಅಗಲ 1490. ಅಂದರೆ ಉದ್ದ ಏಳಡಿಗೆ ಸ್ವಲ್ಪ ಜಾಸ್ತಿ, ಅಗಲ ಐದಡಿಗೆ ಸ್ವಲ್ಪ ಕಡಿಮೆ. ಇಬ್ಬರು ಕಾಲು ಚಾಚಿ ಮಲಗಬಹುದು. ಮಾಡೆಲ್ ಮೇಲೆ ಅಳತೆ ಬದಲಾಗುತ್ತದೆ, ಹಾಗಾಗಿ ಟೇಪ್ ಹಿಡಿದು ನಿಮ್ಮ ಗಾಡಿಯನ್ನೇ ಅಳೆಯಿರಿ.

ಜೀಪಿನ ಹಿಂದೆ ಎಳೆಯುವ ಸಣ್ಣ ಟ್ರೇಲರ್ ಇದ್ದವರೂ ಇದೇ ಕ್ರಮದಲ್ಲಿ ಮಾಡಬಹುದು. ಆದರೆ ಟ್ರೇಲರ್‌ಗೆ ಬೇರೆ ನೋಂದಣಿ ಬೇಕು. ತೂಕದ ಲೆಕ್ಕವೂ ಬೇರೆ: ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಭಾರವೆಲ್ಲ ಗಾಲಿಯ ಹಿಂದೆ ಹೋಯಿತೆಂದರೆ ವೇಗದಲ್ಲಿ ಅದು ಅತ್ತಿತ್ತ ತೂಗಾಡಲು ಶುರುಮಾಡುತ್ತದೆ, ಎಳೆಯುವ ಗಾಡಿಯನ್ನೂ ತನ್ನ ಜೊತೆ ಎಳೆದಾಡುತ್ತದೆ. ಮನೆಯಲ್ಲಿ ಛೋಟಾ ಹಾಥಿ ಇದ್ದರೆ ಅದೇ ಸುಲಭ.

ಮೊದಲು ಒಂದು ತೀರ್ಮಾನ

ಗಾಡಿಯಲ್ಲೇ ಮಲಗುವ ಕೋಣೆ ಮಾಡುವ ವಿಡಿಯೋ ನೋಡಿದವರಿಗೆ ಸಿಂಕ್ ಬೇಕು, ಫ್ರಿಜ್ ಬೇಕು, ಮಡಚುವ ಟೇಬಲ್ಲೂ ಬೇಕು ಅನಿಸುತ್ತದೆ. ಬೇಡ. ಎರಡು ರಾತ್ರಿಗೆ ಮನೆ ಕಟ್ಟಬೇಡಿ. ಒಳಗೆ ನಿದ್ದೆ ಮಾತ್ರ. ಅಡುಗೆ, ಊಟ, ಹರಟೆ ಎಲ್ಲ ಹೊರಗೆ. ಸೋಮವಾರ ಗಾಡಿ ಮತ್ತೆ ದುಡಿಯಬೇಕು ಅಲ್ವಾ? ಹಾಗಾಗಿ ಭಾನುವಾರ ರಾತ್ರಿ ಪೂರ್ತಿ ಬಿಚ್ಚಿ ಇಳಿಸುವಂಥ ಪೆಟ್ಟಿಗೆಯನ್ನೇ ಮಾಡಿಸಿ.

ಇದಕ್ಕೆ ಕಾನೂನಿನ ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಹಾಗಾಗಿ ಗಾಡಿಗೆ ಒಂದೂ ವೆಲ್ಡಿಂಗ್ ಬೇಡ, ಒಂದೂ ತೂತು ಬೇಡ. ಹಗ್ಗ ಕಟ್ಟಲು ಈಗಾಗಲೇ ಇರುವ ಕೊಂಡಿಗಳಿಗೇ ಪೆಟ್ಟಿಗೆಯನ್ನು ಬಿಗಿದು ಕಟ್ಟಿ. ಅದು ಗಾಡಿಯ ಅಕ್ಕಪಕ್ಕ, ಹಿಂದೆ ಎಲ್ಲೂ ಹೊರಚಾಚಬಾರದು, ಚಾಚಿದರೆ ದಂಡ 20 ಸಾವಿರ ರೂಪಾಯಿ. ಗಾಡಿ ಓಡುವಾಗ ಹಿಂದೆ ಯಾರೂ ಕೂರುವಂತಿಲ್ಲ, ಮಕ್ಕಳಂತೂ ಬೇಡವೇ ಬೇಡ. ನಂಬರು ಕೆಎ 22 ಇರಲಿ, 28 ಇರಲಿ, 29 ಇರಲಿ, ಕೆಲಸ ಶುರುಮಾಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಚಿತ್ರ ತೋರಿಸಿ ಕೇಳಿಬಿಡಿ.

ಚೌಕಟ್ಟು

ಒಂದಿಂಚಿನ ಚೌಕ ಪೈಪು ಸಾಕು. ದಪ್ಪ 1.6 ಮಿಲಿಮೀಟರ್. ಅಂಗಡಿಯಲ್ಲಿ ಇಪ್ಪತ್ತು ಅಡಿ ಉದ್ದದ ಪೈಪು ಸಿಗುತ್ತದೆ, ಐದು ತಂದರೆ ಕೆಲಸ ಮುಗಿಯುತ್ತದೆ, ಎಲ್ಲ ಸೇರಿ 35 ಕಿಲೋ ಆಸುಪಾಸು. ವೆಲ್ಡರ್ ಎರಡಿಂಚಿನ ಪೈಪು ಹಾಕೋಣ ಅಂತ ಖಂಡಿತ ಹೇಳುತ್ತಾರೆ, ಗಟ್ಟಿ ಇರಲಿ ಅನ್ನುವುದು ಅವರ ಸ್ವಭಾವ. ಒಪ್ಪಬೇಡಿ. ಬೆಳಗಾವಿಯವರಿಗೆ ಉದ್ಯಮಬಾಗ ಕೈಗಾರಿಕಾ ಪ್ರದೇಶ ಇದ್ದೇ ಇದೆ, ಅಲ್ಲಿ ಇಂಥ ಕೆಲಸ ದೊಡ್ಡ ಮಾತಲ್ಲ. ಬೇರೆ ಊರಲ್ಲಿ ಕಿಟಕಿ, ಗೇಟು ಮಾಡುವ ಯಾವ ವೆಲ್ಡಿಂಗ್ ಅಂಗಡಿಯಾದರೂ ಸರಿ.

ಒಳಗಿನ ಎತ್ತರ ನಾಲ್ಕಡಿ ಇಡಿ. ಒಳಗೆ ನಿಂತು ಮಾಡುವ ಕೆಲಸವೇ ಇಲ್ಲ. ಎತ್ತರ ಏರಿದಷ್ಟೂ ಗಾಳಿ ಹೊಡೆಯುತ್ತದೆ. ಸೊಲ್ಲಾಪುರ ರಸ್ತೆಯ ಬಟಾಬಯಲಿನಲ್ಲಿ ಅಡ್ಡ ಗಾಳಿ ಬೀಸಿದಾಗ ಈ ಸಣ್ಣ ಗಾಲಿಯ ಹಗುರ ಗಾಡಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ನಾಲ್ಕು ಗೋಡೆ ಮತ್ತು ಸೂರು ಬೇರೆ ಬೇರೆ ಇರಲಿ, ನಟ್ಟು ಬೋಲ್ಟಿನಿಂದ ಕೂಡಲಿ. ಎಲ್ಲ ಬೋಲ್ಟೂ ಒಂದೇ ಅಳತೆಯದಾದರೆ ಒಂದೇ ಪಾನಾದಲ್ಲಿ ಬಿಚ್ಚಬಹುದು. ಸೂರು ಹಿಂದಕ್ಕೆ ಎರಡು ಇಂಚು ಇಳಿಜಾರಾಗಿರಲಿ.

ಬಿಸಿಲು: ನಿಜವಾದ ಕೆಲಸ ಇಲ್ಲಿದೆ

ವಿದೇಶದವರ ಕ್ಯಾಂಪರ್ ನೋಡಿ ಕಲಿಯುವುದರ ತೊಂದರೆ ಏನೆಂದರೆ ಅವರ ಚಿಂತೆಯೆಲ್ಲ ಚಳಿಯದ್ದು. ನಮ್ಮದು ಹಾಗಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ಬರೀ ತಗಡಿನ ಪೆಟ್ಟಿಗೆ ಮಾಡಿದರೆ ಮಧ್ಯಾಹ್ನ ಅದು ರೊಟ್ಟಿ ಹಂಚು, ರಾತ್ರಿ ಹತ್ತಕ್ಕೂ ಒಳಗೆ ಕಾಲಿಡಲಾಗದು.

ಹಾಗಾಗಿ ಸೂರನ್ನು ಎರಡು ಪದರದಲ್ಲಿ ಮಾಡಿ. ಕೆಳಗಿನದು 6 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಒಂದಿಂಚು ದಪ್ಪದ ಥರ್ಮೊಕೋಲ್, ಅದರ ಮೇಲೆ ತೆಳು ತಗಡು. ಇದು ಒಂದು ಪದರ. ಅದರಿಂದ ಎರಡು ಇಂಚು ಎತ್ತರದಲ್ಲಿ, ನಡುವೆ ಗಾಳಿ ಆಡುವಂತೆ, ಬಿಳಿ ಬಣ್ಣ ಬಳಿದ ಇನ್ನೊಂದು ತಗಡು. ಬಿಸಿಲೆಲ್ಲ ಮೇಲಿನ ತಗಡಿಗೆ ಬೀಳುತ್ತದೆ, ಕಾದ ಗಾಳಿ ಆ ಸಂದಿಯಿಂದ ಹೊರಗೆ ಹೋಗುತ್ತದೆ, ಕೆಳಗಿನ ಪದರ ನೆರಳಿನಲ್ಲೇ ಉಳಿಯುತ್ತದೆ. ಬಿಳಿ ಬಣ್ಣವನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕಪ್ಪು, ಕಡುಹಸಿರು ನೋಡಲು ಚೆಂದ, ಆದರೆ ಬಿಸಿಲನ್ನು ಕುಡಿಯುತ್ತವೆ. ಥರ್ಮೊಕೋಲ್ ಬೇಗ ಬೆಂಕಿ ಹಿಡಿಯುವ ವಸ್ತು, ಒಳಗಡೆ ಎಲ್ಲೂ ಕಾಣದಂತೆ ಪ್ಲೈವುಡ್ಡಿನಿಂದ ಮುಚ್ಚಿ.

ಎರಡು ಪಕ್ಕಕ್ಕೆ ತಗಡು ಬೇಡವೇ ಬೇಡ ಅನ್ನುವುದು ನನ್ನ ಮಾತು. ಕೆಳಗಿನ ಅರ್ಧಕ್ಕೆ ಪ್ಲೈವುಡ್, ಮೇಲಿನ ಅರ್ಧಕ್ಕೆ ಸೊಳ್ಳೆ ಜಾಳಿಗೆ, ಅದರ ಹೊರಗೆ ಸುತ್ತಿ ಕಟ್ಟುವ ದಪ್ಪ ತಾಡಪತ್ರಿ. ತಾಡಪತ್ರಿಯ ಕೆಳತುದಿಗೆ ಎರಡು ಕೋಲು ಕೊಟ್ಟರೆ ಹಗಲು ಅದೇ ಚಪ್ಪರ. ರಾತ್ರಿ ಸುತ್ತಿಟ್ಟರೆ ಎರಡೂ ಕಡೆಯಿಂದ ಗಾಳಿ. ಮುಂದಿನ ಗೋಡೆಯ ಕೆಳಗೆ ಒಂದು ಕಿಂಡಿ, ಹಿಂದಿನ ಗೋಡೆಯ ಮೇಲ್ತುದಿಯಲ್ಲಿ ಇನ್ನೊಂದು ಕಿಂಡಿ ಬಿಡಿ. ಎರಡಕ್ಕೂ ಜಾಳಿಗೆ ಹಾಕಿ, ಮಳೆ ಹೊಡೆಯದಂತೆ ಹೊರಗೆ ಸಣ್ಣ ತಗಡಿನ ಮರೆ ಕೊಡಿ. ಬಿಸಿ ಗಾಳಿ ಮೇಲಿಂದ ಹೊರಬಿದ್ದಂತೆ ತಂಪು ಗಾಳಿ ಕೆಳಗಿಂದ ಬರುತ್ತದೆ. ಮಳೆಯ ರಾತ್ರಿ ತಾಡಪತ್ರಿ ಇಳಿಸಿದರೂ ಈ ಕಿಂಡಿಗಳನ್ನು ಮುಚ್ಚಬೇಡಿ. ಇಬ್ಬರ ಉಸಿರಿನ ತೇವ ಹೊರಗೆ ಹೋಗದಿದ್ದರೆ ಬೆಳಗ್ಗೆ ಸೂರಿನಿಂದ ಹನಿ ಬೀಳುತ್ತದೆ.

ಖಾನಾಪುರ, ಜಾಂಬೋಟಿ ಕಡೆ ಮಳೆಗಾಲದಲ್ಲಿ ಹೋಗುವವರು ಸೂರಿನ ಬೋಲ್ಟು, ಸಂದಿಗಳಿಗೆಲ್ಲ ಪಿಯು (ಪಾಲಿಯುರೆಥೇನ್) ಸೀಲಂಟ್ ಹಚ್ಚಿ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಹಾಸಿಗೆ

12 ಮಿಲಿಮೀಟರ್ ಪ್ಲೈವುಡ್ಡಿನ ಮೂರು ತುಂಡು, ನೆಲದಿಂದ 14 ಇಂಚು ಎತ್ತರದಲ್ಲಿ, ಕೆಳಗೆ ಸಾಮಾನು. ಪ್ಲೈವುಡ್ಡಿಗೆ ಅಲ್ಲಲ್ಲಿ ತೂತು ಹೊಡೆಯಿರಿ, ಗಾದಿಯ ತಳ ಬೆವರುವುದಿಲ್ಲ. ದುಬಾರಿ ಫೋಮ್ ತರುವ ಮುಂಚೆ ಮನೆಯ ಅಟ್ಟದ ಮೇಲೆ ಎಷ್ಟು ಕೌದಿ ಇವೆ ನೋಡಿ. ತೆಳು ಗಾದಿಯ ಮೇಲೆ ಎರಡು ಕೌದಿ ಹಾಸಿದರೆ ಬೇಸಿಗೆಗೆ ಫೋಮಿಗಿಂತ ಎಷ್ಟೋ ವಾಸಿ, ಬೆಳಗ್ಗೆ ಕೊಡವಿ ಬಿಸಿಲಿಗೂ ಹಾಕಬಹುದು.

ಕರೆಂಟು

ಗಾಡಿಯ ಬ್ಯಾಟರಿಯಿಂದ ಫ್ಯಾನ್ ಓಡಿಸಿದರೆ ಬೆಳಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಬೇರೆ ಬ್ಯಾಟರಿ ಇಡಿ. ಲೆಕ್ಕ ಸುಲಭ: 15 ವ್ಯಾಟಿನ 12 ವೋಲ್ಟ್ ಫ್ಯಾನ್ ಎಂಟು ತಾಸಿಗೆ 120 ವ್ಯಾಟ್ ಅವರ್, 5 ವ್ಯಾಟಿನ ಎಲ್‌ಇಡಿ ನಾಲ್ಕು ತಾಸಿಗೆ 20, ಎರಡು ಮೊಬೈಲಿಗೆ 30. ಒಟ್ಟು 170. 12 ವೋಲ್ಟಿನ 40 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 480 ಇರುತ್ತದೆ. ಮಾಮೂಲಿ ಲೆಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಇಳಿಸಿದರೆ ಅದರ ಆಯುಷ್ಯ ಕಡಿಮೆ. ಅಂದರೆ ಬಳಕೆಗೆ 240, ಒಂದು ರಾತ್ರಿಗೆ ಧಾರಾಳ. ಎರಡನೇ ರಾತ್ರಿಗೆ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಬೇಕು, ನಡುವೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಬಿಸಿಲಿಗೇನೂ ನಮ್ಮಲ್ಲಿ ಬರ ಇಲ್ಲ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿ, ಇದನ್ನು ಮರೆಯಬೇಡಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ತಲೆದಿಂಬಿನ ಕೆಳಗೆ ಅದಕ್ಕೆ ಜಾಗ ಮಾಡಬೇಡಿ.

ಅಡುಗೆ, ನೀರು

ಗಾಡಿಯ ಹಿಂದಿನ ಬಾಗಿಲು ಇಳಿಸಿದರೆ ಅದೇ ಅಡುಗೆಕಟ್ಟೆ. 5 ಕಿಲೋ ಸಿಲಿಂಡರ್ ಮತ್ತು ಒಂದು ಒಲೆ ಸಾಕು, ಎರಡೂ ಬಳಸುವಾಗ ಹೊರಗೇ ಇರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಹಾಸಿಗೆಯ ಕೆಳಗೇ ಕೂರುತ್ತದೆ. ಅದಕ್ಕೆ ರಾತ್ರಿ ಸಿಲಿಂಡರ್ ಹೊರಗಿರಲಿ. ಚಳಿ ಅಂತ ಪೆಟ್ಟಿಗೆಯೊಳಗೆ ಕೆಂಡ ಇಟ್ಟುಕೊಂಡರೆ ಕಾರ್ಬನ್ ಮೋನಾಕ್ಸೈಡ್ ಕೂಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ನಿಜ ಹೇಳಬೇಕೆಂದರೆ ಚಹಾ ಬಿಟ್ಟು ಬೇರೆ ಅಡುಗೆ ಯಾಕೆ? ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಬುತ್ತಿ ಇದ್ದರೆ ಎರಡು ದಿನ ಕಳೆಯುತ್ತದೆ, ಊರಲ್ಲಿ ಮೊಸರು ಸಿಕ್ಕೇ ಸಿಗುತ್ತದೆ.

ನೀರಿಗೆ 20 ಲೀಟರಿನ ಎರಡು ಕ್ಯಾನು, ಅಂದರೆ 40 ಕಿಲೋ. ಕ್ಯಾಬಿನ್ನಿಗೆ ಅಂಟಿಕೊಂಡಂತೆ, ನೆಲದ ಮೇಲೇ ಇಡಿ. ಪೆಟ್ಟಿಗೆ, ಹಾಸಿಗೆ, ಬ್ಯಾಟರಿ, ನೀರು ಎಲ್ಲ ಸೇರಿದರೂ 200, 250 ಕಿಲೋ ದಾಟಬಾರದು. ಗಾಡಿ 750 ಕಿಲೋ ಹೊರುತ್ತದೆ ನಿಜ, ಆದರೆ ಈರುಳ್ಳಿ ಚೀಲದ ಭಾರ ಕೆಳಗಿರುತ್ತದೆ, ಇದರದ್ದು ಮೇಲಿರುತ್ತದೆ. ತಿರುವಿನಲ್ಲಿ ನಿಧಾನ.

ಎಲ್ಲಿ ನಿಲ್ಲಿಸುವುದು?

ಮೊದಲ ರಾತ್ರಿ ಮನೆಯಂಗಳದಲ್ಲೇ ಮಲಗಿ ನೋಡಿ. ಏನು ಕಡಿಮೆಯಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಒಂದು ಸುತ್ತು. ಕೂಡಲಸಂಗಮ, ಆಲಮಟ್ಟಿ ಇನ್ನೊಂದು. ಬೆಳಗಾವಿ ಕಡೆಯವರಿಗೆ ಗೋಕಾಕ ಫಾಲ್ಸ್, ಗೊಡಚಿನಮಲ್ಕಿ, ನವಿಲುತೀರ್ಥ. ಸ್ಮಾರಕದ ಆವರಣದಲ್ಲಿ, ಭೀಮಗಡದಂಥ ಕಾಡಿನಲ್ಲಿ ಸುಮ್ನೆ ನಿಲ್ಲಿಸಿ ಮಲಗುವಂತಿಲ್ಲ. ಯಾತ್ರಿನಿವಾಸ, ಲಾಡ್ಜು, ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಜಾಗವೂ ಸಿಗುತ್ತದೆ, ಶೌಚಾಲಯವೂ ಸಿಗುತ್ತದೆ. ಹೊಲದ ಬದಿಯಾದರೆ, "ಯಜಮಾನ್ರ, ಇವತ್ತೊಂದು ರಾತ್ರಿ ಇಲ್ಲಿ ಗಾಡಿ ನಿಲ್ಲಿಸ್ಲೇನ್ರಿ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ, ಊಟಕ್ಕೆ ಕರೆಯುವವರೇ ಜಾಸ್ತಿ. ಹೊಳೆಯ ದಂಡೆಯಲ್ಲಿ ಮಾತ್ರ ಬೇಡ, ಡ್ಯಾಮಿನಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಏರುತ್ತದೆ.

ಇನ್ನೊಂದು ಮಾತು, ಎರೆ ಹೊಲದೊಳಗೆ ಇಳಿಸಬೇಡಿ. ಸಂಜೆ ಕಲ್ಲಿನಂತೆ ಗಟ್ಟಿ ಇದ್ದ ನೆಲ ರಾತ್ರಿ ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಏಸ್‌ದು 12 ಇಂಚಿನ ಸಣ್ಣ ಗಾಲಿ, ಆಮೇಲೆ ಟ್ರ್ಯಾಕ್ಟರೇ ಬರಬೇಕು. ಮಸಾರಿ ನೆಲವೋ ಗರಸಿನ ನೆಲವೋ ನೋಡಿ ನಿಲ್ಲಿಸಿ.

ಭಾನುವಾರ ಬಂದ ಕೂಡಲೇ ಬಿಚ್ಚಿ. ಇಬ್ಬರಿದ್ದರೆ ಸಾಕು: ಮೊದಲು ಸೂರು, ಆಮೇಲೆ ಪಕ್ಕದ ಗೋಡೆಗಳು, ಕೊನೆಗೆ ಹಿಂದಿನದು, ಮುಂದಿನದು. ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ಚೌಕಟ್ಟಿಗೇ ಕಟ್ಟಿಡಿ. ತಾಡಪತ್ರಿ ಒದ್ದೆಯಿದ್ದರೆ ಒಣಗಿಸಿಯೇ ಮಡಚಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗೋಡೆಗಳನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ. ಮಣ್ಣಿಗೆ ತಾಗಿದರೆ ಪ್ಲೈವುಡ್ಡಿಗೆ ಗೆದ್ದಲು ಹತ್ತುತ್ತದೆ.